ಕಾಶವ್ವನ ತಲೆಗೆ ಆರಿಸಿದ ಹೆಲ್ಮೆಟ್

ಮೊದಲು ಒಂದು ಲೆಕ್ಕ ಚುಕ್ತಾ ಮಾಡಿಬಿಡುತ್ತೇನೆ. ನಿನ್ನೆ ಈ ಗುಂಪಿನಲ್ಲಿ ಪರಪ್ಪ ಬರೆದಿದ್ದಾನೆ: "ಚಂದ್ರಾಮಜ್ಜಗ ಮುಂಜಾನಿ ಏನ್ ತಿಂದೀನಿ ಅನ್ನೂದ ನೆನಪಿರಂಗಿಲ್ಲ, ಮೂವತ್ತೊಂದು ವರ್ಷದ ಹಿಂದಿನ ಹೆಲ್ಮೆಟ್ಟಿನ ತೂಕ ಹೆಂಗ ನೆನಪಿರತೈತಿ?" ಅದಕ್ಕೆ ಹನ್ನೊಂದು ಜನ ನಗುವ ಮುಖ ಒತ್ತಿದ್ದೀರಿ. ಹನ್ನೊಂದೂ ಹೆಸರು ನೋಡಿಕೊಂಡಿದ್ದೇನೆ. ಪರಪ್ಪಾ, ನಿನ್ನ ತಲೆಯ ಹಿಂಬದಿಗೆ ಎರಡು ಸುಳಿ ಇವೆ, ಎಡಗಡೆಯದು ದೊಡ್ಡದು. ನಿನ್ನ ಮೊದಲ ಕೂದಲು ತೆಗೆದವನು ನಾನು. ಆವತ್ತು ನೀನು ನನ್ನ ತೊಡೆಯ ಮೇಲೆ ಏನು ಮಾಡಿದೆ ಅನ್ನುವುದೂ ನೆನಪಿದೆ, ಬೇಕಿದ್ದರೆ ಅದನ್ನೂ ಇಲ್ಲೇ ಹೇಳುತ್ತೇನೆ. ಇನ್ನು ಮುಂಜಾನೆಯ ಮಾತು. ನೆನಪಿಡುವಂಥ ತಿಂಡಿಯನ್ನು ನನ್ನ ಸೊಸೆ ಯಾವತ್ತು ಮಾಡುತ್ತಾಳೋ ಆವತ್ತು ಅದನ್ನೂ ನೆನಪಿಡುತ್ತೇನೆ. ಬರೆಯುವುದಕ್ಕೆ ಬೆರಳು ನಡುಗುತ್ತವೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಅರ್ಧಕ್ಕೆ ನಿಲ್ಲಿಸಿ ಚಹಾಕ್ಕೆ ಏಳುವವರು ಈಗಲೇ ಏಳಿ.

ನಾನು ಕ್ಷೌರಿಕ. ಊರಿನ ತಲೆಗಳೆಲ್ಲ ನನ್ನ ಕೈಯಲ್ಲಿ ತಿರುಗಿವೆ. ಯಾರ ತಲೆ ಉದ್ದ, ಯಾರದು ಗುಂಡು, ಯಾರ ಕಿವಿಯ ಮೇಲೆ ಗಂಟಿದೆ, ಎಲ್ಲ ನನಗೆ ಬಾಯಿಪಾಠ. ಹಾಗಾಗಿ ಹೆಲ್ಮೆಟ್ ಆರಿಸುವ ಕೆಲಸವೂ ನನ್ನ ಪಾಲಿಗೇ ಬಂತು. ನಮ್ಮೂರಿಗೂ ಆಚೆಯೂರಿಗೂ ನಡುವೆ ನಲವತ್ತು ಮೈಲಿ ಬಿಳೀ ಬಯಲು. ಅದನ್ನು ಸ್ನೋಮೊಬೈಲಿನ ಮೇಲೆ, ಅಂದರೆ ನಮ್ಮ ಬಾಯಲ್ಲಿ ಜಾರುಗಾಡಿಯ ಮೇಲೆ, ದಾಟಬೇಕು. ದಾಟುವವರು ತಮ್ಮ ಹೆಲ್ಮೆಟ್ಟನ್ನು ತಾವೇ ಆರಿಸಿಕೊಳ್ಳುವ ಹಾಗಿಲ್ಲ, ಇನ್ನೊಬ್ಬರು ಆರಿಸಿಕೊಡಬೇಕು. ಮೂರು ದಿನದೊಳಗೆ ಆಚೆಯೂರಿನಿಂದ ತಂತಿ ಬರದಿದ್ದರೆ ಆರಿಸಿದವನೇ ಹುಡುಕಿಕೊಂಡು ಹೋಗಬೇಕು. ಹೀಗಾಗಿ ಆರಿಸಲು ಬನ್ನಿ ಅಂದರೆ ಜನ ಹಿತ್ತಿಲ ಬಾಗಿಲಿನಿಂದ ಓಡುತ್ತಿದ್ದರು. ನಾನು ಓಡಿದವನಲ್ಲ. ಮೂವತ್ತನಾಲ್ಕು ತಲೆಗೆ ಆರಿಸಿದ್ದೆ, ಮೂವತ್ತನಾಲ್ಕೂ ನೆಟ್ಟಗೆ ಆಚೆ ಮುಟ್ಟಿದ್ದವು.

ಬಯಲಿನ ಸಂಗತಿ ನಿಮಗೆಲ್ಲ ಗೊತ್ತೇ ಇದೆ. ಆದರೂ ಹೊಸದಾಗಿ ಗುಂಪಿಗೆ ಸೇರಿದವರು ಕಣ್ಣು ಪಿಳಿಪಿಳಿ ಬಿಡಬಾರದು ಅಂತ ಹೇಳುತ್ತೇನೆ. ಬಯಲಿನಲ್ಲಿ ಹೆಲ್ಮೆಟ್ಟಿನ ಮುಂಗಾಜಿಗೆ ಒಳಗಿನಿಂದ ಮಬ್ಬು ಹಿಡಿದರೆ ಅದರಲ್ಲಿ ಸವಾರನಿಗೆ ತನ್ನ ಮನೆಯ ಬಾಗಿಲು ಕಾಣುತ್ತದೆ. ಹೊರಡುವಾಗ ಕಡೆಯ ಸಲ ಹೇಗೆ ಕಂಡಿತ್ತೋ ಥೇಟ್ ಹಾಗೆಯೇ, ನಿಂತವರ ಸಮೇತ. ಕಂಡವರು ಕೆಂಪು ಬಟ್ಟೆ ಕಟ್ಟಿದ ಕೋಲುಗಳ ದಾರಿ ಬಿಟ್ಟು ಆ ಬಾಗಿಲಿಗೆ ಗಾಡಿ ತಿರುಗಿಸುತ್ತಾರೆ. ತಿರುಗಿಸಿದವರು ಸಿಗುವುದು ಬೇಸಿಗೆಗೆ. ಅದಕ್ಕೇ ನಮ್ಮಲ್ಲಿ ಬಯಲಿಗೆ ಹೊರಟವರನ್ನು ಬೈದು ಕಳಿಸುತ್ತೇವೆ. ಹೆಂಡತಿ ಪೊರಕೆ ಎತ್ತಿ ಹಿಡಿಯಬೇಕು, ತಾಯಿ "ಮತ್ತ ಈ ಮನಿಗೆ ಕಾಲಿಡಬ್ಯಾಡ" ಅನ್ನಬೇಕು. ಅಂಥ ಬಾಗಿಲು ಮಬ್ಬಿನಲ್ಲಿ ಕಂಡರೆ ಯಾವನಿಗೆ ಹೋಗಬೇಕು ಅನ್ನಿಸೀತು? ಕೆಲವರ ಮನೆಯಲ್ಲಿ ಇದಕ್ಕೆ ಬೇರೆ ತಯಾರಿಯೇ ಬೇಕಿರಲಿಲ್ಲ, ಅವರ ಹೆಸರು ಈಗ ಬೇಡ.

ಇನ್ನು ಕಾಶವ್ವ. ಆಗ ಅವಳಿಗೆ ನಲವತ್ತೈದು, ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಗಂಡ ತೀರಿಕೊಂಡಿದ್ದ. ಹಿಮವನ್ನು ಗಟ್ಟಿ ಗಟ್ಟಿಯಾಗಿ ಕೊಯ್ದು, ತಲೆಯ ಮೇಲೆ ಹೊತ್ತು, ಮನೆಮನೆಗೆ ನೀರಿಗೆ ಹಾಕುತ್ತಿದ್ದಳು. ಇಪ್ಪತ್ತು ವರ್ಷ ಹೊತ್ತು ಹೊತ್ತು ಕುತ್ತಿಗೆಯ ಎಲುಬು ಸವೆದಿತ್ತು, ಉಳುಕಿದಾಗೆಲ್ಲ ತಿಕ್ಕಿಸಿಕೊಳ್ಳಲು ನನ್ನ ಅಂಗಡಿಗೆ ಬರುತ್ತಿದ್ದಳು. ಇದ್ದವಳು ಒಬ್ಬಳೇ ಮಗಳು, ಸಾವಂತ್ರಿ. ಅವಳನ್ನು ಆಚೆಯೂರಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಮಗಳು ಗಂಡನ ಜಾರುಗಾಡಿಯ ಹಿಂದೆ ಕೂತು ಹೊರಟ ದಿನ ಕಾಶವ್ವ ಬೈದದ್ದಿದೆಯಲ್ಲ, ಅಂಥ ಬೈಗುಳ ಈ ಓಣಿ ಕೇಳಿರಲಿಲ್ಲ. ನಾನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಭೇಷ್ ಅಂದಿದ್ದೆ. ಆದರೆ ಆವತ್ತು ಹೋದ ಸಾವಂತ್ರಿ ಮುಟ್ಟಿದ ತಂತಿ ಕಳಿಸಿದ್ದೇ ಕೊನೆ. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಹಬ್ಬಕ್ಕೂ ಬರಲಿಲ್ಲ.

ಒಂದು ದಿನ ಮುಂಜಾನೆ ನಾನು ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದಾಗ ಕಾಶವ್ವ ಬಂದು ನಿಂತಳು.

"ಚಂದ್ರಾಮಣ್ಣಾ, ನನಗೊಂದು ಹೆಲ್ಮೆಟ್ ಆರ್ಸಿ ಕೊಡು."

"ಯಾಕ? ಹಿಮಾ ಹೊರಾಕೇನು? ಸಿಂಬಿ ಸಾಲವಲ್ದ?"

"ಸಾವಂತ್ರಿಗೆ ದಿನಾ ತುಂಬ್ಯಾವು. ತಂತಿ ಬಂದೈತಿ."

"ಏನಂತ?"

"'ಬರೂದಾದ್ರ ಬಾ' ಅಂತ. ಇಷ್ಟ."

"ನಾಕ್ ವರ್ಷಕ್ಕ ಎರಡ ಮಾತು," ಅಂದೆ.

"ಎರಡರೇ ಬಂದ್ವಲ್ಲ. ಆಕಿ ಹಡಿಯೂದ್ರೊಳಗ ನಾ ಅಲ್ಲಿರಬೇಕು. ಆಕಿಗೊಂದು ಮಾತು ಹೇಳೂದೈತಿ ನನಗ. ತಂತಿ ಮ್ಯಾಲ ಹೇಳೂದಲ್ಲ ಅದು."

ನೊರೆ ಹಚ್ಚಿಸಿಕೊಂಡವನನ್ನು ಹಾಗೇ ಕೂರಿಸಿ ದಸ್ತಗೀರಸಾಬನ ಅಂಗಡಿಗೆ ಹೋದೆವು. ಊರಿಗೆಲ್ಲ ಹೆಲ್ಮೆಟ್ ಮಾರುವವನು ಅವನೊಬ್ಬನೇ. ತೆಳ್ಳಗಿನ ಮನುಷ್ಯ, ಮಾರುವ ಪ್ರತಿ ಸಾಮಾನನ್ನೂ ತಾನೇ ಹಡೆದವನ ಹಾಗೆ ಹೊಗಳುತ್ತಿದ್ದ. ಮೂರು ಇಳಿಸಿದ. ಮೊದಲನೆಯದಕ್ಕೆ ಗಾಜಿನೊಳಗೇ ಬಿಸಿಯಾಗುವ ತಂತಿ.

"ಮಬ್ಬು ಅನ್ನೂದು ಇದರ ಹಂತ್ಯಾಕ ಸುಳಿಯಂಗಿಲ್ಲ ನೋಡ್ರಿ. ಗಾಡಿಗೆ ವೈರ್ ಚುಚ್ಚಿದ್ರ ಆತು."

"ಗಾಡಿ ನಿಂತ್ರ?"

"ನಿಂತ್ರ... ಇದೂ ನಿಂದರ್ತೈತಿ."

"ಹಂಗಾದ್ರ ಇದು ಹೆಲ್ಮೆಟ್ಟಲ್ಲೋ ಸಾಬಾ, ಗಾಡಿ ಬಾಲ."

ತಕ್ಕಡಿಗೆ ಹಾಕಿದೆ. ಒಂದು ಸಾವಿರದ ಎಂಟುನೂರ ಐವತ್ತು ಗ್ರಾಂ. ಪರಪ್ಪಾ, ಬರೆದುಕೋ. ನಲವತ್ತು ಮೈಲಿಯ ಕುಲುಕಾಟದಲ್ಲಿ ಆ ತೂಕ ಕಾಶವ್ವನ ಕುತ್ತಿಗೆಯನ್ನು ಹುರಿಯಾಗಿ ತಿರುವಿಬಿಡುತ್ತಿತ್ತು. ಎರಡನೆಯದು ಒಂದು ಸಾವಿರದ ನೂರ ಎಂಬತ್ತು, ಕೈಯಲ್ಲಿ ಹಿಡಿದರೆ ಒಣಗಿದ ಸೋರೆಬುರುಡೆ, ಆದರೆ ಒಂಟಿ ಗಾಜು. ಮೂರನೆಯದು ಒಂದು ಸಾವಿರದ ಮುನ್ನೂರ ಇಪ್ಪತ್ತು. ಕಾರ್ಬನ್ ನಾರಿನ ಚಿಪ್ಪು, ನಡುವೆ ಗಾಳಿ ಬಿಟ್ಟು ಕೂರಿಸಿದ ಜೋಡಿ ಗಾಜು, ಮೂಗಿನ ಮೇಲೆ ರಬ್ಬರಿನ ಮುಸುಕು. ಆ ಮುಸುಕು ಬಿಟ್ಟ ಉಸಿರನ್ನೆಲ್ಲ ಗದ್ದದ ಕೆಳಗಿನಿಂದ ಹೊರಗೆ ದಾಟಿಸುತ್ತಿತ್ತು.

ನನ್ನ ಪರೀಕ್ಷೆ ಹೇಗಿತ್ತು ಅಂತ ಹಳಬರಿಗೆ ಗೊತ್ತು. ಹೆಲ್ಮೆಟ್ ಹಾಕಿಕೊಂಡು, ಗಾಜು ಮುಚ್ಚಿ, ಅಂಗಡಿಯ ಮುಂದಿನ ಕಲ್ಲಿನ ಮೇಲೆ ಚಳಿಯಲ್ಲಿ ಕೂತು ಮಾತಾಡುವುದು. ಮಾತಾಡಿದಷ್ಟು ಉಸಿರು, ಉಸಿರಿದ್ದಷ್ಟು ಮಬ್ಬು. ಸೋರೆಬುರುಡೆ ಹಾಕಿಕೊಂಡು ನಮ್ಮಪ್ಪನಿಗೂ ಅವನ ತಮ್ಮನಿಗೂ ಆದ ಜಗಳ ಶುರು ಮಾಡಿದೆ, ಪಾಲಿನ ಮಾತು ಬರುವಷ್ಟರಲ್ಲಿ ಎದುರಿಗಿದ್ದ ದಸ್ತಗೀರಸಾಬ ಮಬ್ಬಿನಲ್ಲಿ ಮಾಯವಾಗಿದ್ದ. ಮೂರನೆಯದನ್ನು ಹಾಕಿಕೊಂಡು ಆ ಜಗಳ ಮುಗಿಸಿದೆ, ನನ್ನ ಮದುವೆ ಮುಗಿಸಿದೆ, ಬೀಗರ ಊಟದ ಕತೆಯನ್ನೂ ಮುಗಿಸಿದೆ. ಮುಕ್ಕಾಲು ಗಂಟೆ. ಗಾಜು ಆಗಷ್ಟೇ ತೊಳೆದ ಹಾಗಿತ್ತು.

"ನಿಮ್ಮ ಬಾಯಿಗೇ ಜಗ್ಗಲಿಲ್ಲ ಅಂದ್ರ," ಅಂದ ದಸ್ತಗೀರಸಾಬ, "ಇನ್ನ ಇದು ಯಾರ ಬಾಯಿಗೂ ಜಗ್ಗಂಗಿಲ್ಲ ಬಿಡ್ರಿ."

ಅಷ್ಟಕ್ಕೇ ಒಪ್ಪುವವನಲ್ಲ ನಾನು. ಕಾಶವ್ವನ ತಲೆಗೆ ಹಾಕಿ, ನನ್ನ ಅಂಗಡಿಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದೆ. ನೊರೆ ಒಣಗಿಸಿಕೊಂಡು ಕೂತಿದ್ದವನನ್ನೂ ಸೇರಿಸಿ ಮೂವರ ಗಡ್ಡ ಮುಗಿಯುವವರೆಗೆ ತೆಗೆಯಬೇಡ ಅಂದೆ. ತೆಗೆದ ಮೇಲೆ ಹಣೆ ನೋಡಿದೆ, ಕೆಂಪು ಗೆರೆ ಇಲ್ಲ. ತೆಗೆಯುವ ಮೊದಲೇ ಕೆನ್ನೆಗೂ ಮೆತ್ತೆಗೂ ನಡುವೆ ಬೆರಳು ತೂರಿಸಲು ನೋಡಿದ್ದೆ, ಹೋಗಿರಲಿಲ್ಲ. ಕುತ್ತಿಗೆ ಹಿಡಿದು ತಿರುಗಿಸಿದೆ.

"ನೋಯ್ತೈತೇನು?"

"ಇಲ್ಲ. ಹಾಕ್ಕೊಂಡಿದ್ದ ಮರ್ತಿದ್ದೆ."

"ದಾರ್ಯಾಗ ಭಾಳ ಮಾತಾಡಬ್ಯಾಡ."

"ನಾ ಏನ್ ನೀನೇನು? ಬಾಯಿ ಮುಚಗೊಂಡ ಹೋಗಾಕಿ ನಾ."

ಮೂವತ್ತೈದನೆಯ ತಲೆ. ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊರಟಳು. ಮನೆಯಲ್ಲಿ ಬೈಯುವವರು ಯಾರೂ ಇಲ್ಲ. ಅಂಥವರಿಗೆ ಹೆಲ್ಮೆಟ್ ಆರಿಸಿದವನೇ ಬಾಗಿಲಲ್ಲಿ ನಿಂತು ಬೈಯಬೇಕು, ಇದೂ ನಮ್ಮ ಪದ್ಧತಿ. ಬೈಗುಳಕ್ಕೆ ನನಗೇನು ಬರವೇ? ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಓಣಿಯವರೆಲ್ಲ ಕೇಳಲು ಹೊರಗೆ ಬಂದು ನಿಂತಿದ್ದರು. ಕಾಶವ್ವ ಗಾಡಿ ಹತ್ತಿ, ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿ, ತಿರುಗಿ ಬಾಗಿಲು ನೋಡಿದಳು. ನಾನು ಪೊರಕೆ ಎತ್ತಿದೆ. ಅಷ್ಟರಲ್ಲಿ, ಇದೇ ಹೊಸ್ತಿಲಿನಿಂದ ಬೈಸಿಕೊಂಡು ಹೋದ ಹುಡುಗಿಯೊಬ್ಬಳು ನಾಲ್ಕು ವರ್ಷ ಮಾತು ಬಿಟ್ಟದ್ದು ನೆನಪಾಯಿತು. ನಾಲಿಗೆ ಏಳಲಿಲ್ಲ. ಜನ್ಮದಲ್ಲಿ ಮೊದಲನೇ ಸಲ. ಪೊರಕೆ ಇಳಿಸಿ, "ಹುಷಾರ್ ಹೋಗಿ ಬಾರವ್ವಾ ತಂಗೀ," ಅಂದುಬಿಟ್ಟೆ.

ಓಣಿಯಲ್ಲಿ ಯಾರೋ "ಅಯ್ಯ ಶಿವನೇ" ಅಂದರು. ಕಾಶವ್ವ ಗಾಡಿ ಎಬ್ಬಿಸಿದಳು. ನನ್ನ ಪಕ್ಕಕ್ಕೇ ಹಾದುಹೋದಳು. ಆಗ ನೋಡಿದೆ, ಅವಳ ಗಾಜಿನ ಮೇಲಂಚಿನಲ್ಲಿ, ಹುಬ್ಬಿನ ಎತ್ತರಕ್ಕೆ, ಬೆರಳಗಲ ಬೆಳ್ಳಗಾಗಿತ್ತು.

ಅರ್ಥವಾಗಲು ನನಗೆ ಹತ್ತು ಹೆಜ್ಜೆ ಬೇಕಾಯಿತು. ಅವಳು ಬಾಯಿ ಬಿಟ್ಟಿರಲಿಲ್ಲ, ಉಸಿರನ್ನು ಮುಸುಕು ಕೆಳಕ್ಕೆ ಒಯ್ಯುತ್ತಿತ್ತು. ಆ ತೇವ ಬಂದದ್ದು ಕಣ್ಣಿನಿಂದ. ಕಣ್ಣು ಮುಸುಕಿಗಿಂತ ಮೇಲಿದೆ. ಅಲ್ಲಿಂದ ಹೊರಗೆ ಹೋಗಲು ದಾರಿಯೇ ಇರಲಿಲ್ಲ, ಹಣೆಯ ಮೆತ್ತೆ ಬಿಗಿಯಾಗಿ ಮುಚ್ಚಿತ್ತು. ಅಷ್ಟು ಬಿಗಿಯಾಗಿ ಕೂತದ್ದನ್ನು ನೋಡಿ ಹಿಂದಿನ ದಿನ ನಾನೇ ಹೊಗಳಿದ್ದೆ. ಮುಕ್ಕಾಲು ಗಂಟೆ ಮಾತಾಡಿ ಪರೀಕ್ಷೆ ಮಾಡಿದ್ದೆ, ಒಂದು ಹನಿ ಅತ್ತು ನೋಡಿರಲಿಲ್ಲ. ಅದರ ಮೇಲೆ, ಆ ಬಾಗಿಲು ಮಬ್ಬಿನಲ್ಲಿ ಕಂಡರೆ ಪೊರಕೆ ಇಳಿಸಿ ತಂಗೀ ಅನ್ನುವ ನಾನೇ ನಿಂತಿರುತ್ತೇನೆ. ಯಾರು ತಿರುಗದೆ ಇದ್ದಾರು?

ಮೂರು ದಿನ ಕಾಯುವ ಮಾತೇ ಇಲ್ಲ. ನನ್ನ ಹೆಲ್ಮೆಟ್ ಹಳೆಯದು, ನನ್ನ ಬಾಯಿಗೆ ಹತ್ತು ನಿಮಿಷ ತಡೆಯುತ್ತಿರಲಿಲ್ಲ, ಬಿಟ್ಟೇ ಹೋದೆ. ಗಾಜಿಲ್ಲದವನಿಗೆ ಯಾವ ಬಾಗಿಲೂ ಕಾಣುವುದಿಲ್ಲವಲ್ಲ. ತಲೆಗೆ ಕಂಬಳಿ ಸುತ್ತಿ, ಕಣ್ಣಿಗೆ ಎರಡು ಬೆರಳು ಸಂದು ಬಿಟ್ಟು, ದಸ್ತಗೀರಸಾಬನ ಗಾಡಿ ಹತ್ತಿದೆ. ಕತ್ತಿ ಕತ್ತರಿಯ ನನ್ನ ಹಡಪ ಹೆಗಲ ಮೇಲೇ ಇತ್ತು. ಗಾಳಿ ಮುಖವನ್ನು ಮೊಂಡ ಕತ್ತಿಯಿಂದ ಕೆರೆಯುವ ಹಾಗೆ ಕೆರೆಯಿತು. ನನ್ನ ಎಡಗಿವಿಯ ಅರ್ಧ ಎಲ್ಲಿ ಹೋಯಿತು ಅಂತ ಕೇಳುತ್ತೀರಲ್ಲ, ಅಲ್ಲಿ ಹೋಯಿತು.

ಒಂಬತ್ತನೇ ಮೈಲಿಯಲ್ಲಿ ಅವಳ ಗಾಡಿಯ ಗೆರೆ ಕೋಲುಗಳನ್ನು ಬಿಟ್ಟು ಎಡಕ್ಕೆ ತಿರುಗಿತ್ತು. ಅರ್ಧ ಮೈಲಿ ಹೋದೆ. ಗಾಡಿ ಗುರುಗುಟ್ಟುತ್ತ ನಿಂತಿತ್ತು. ಕಾಶವ್ವ ಹಿಮದ ಮೇಲೆ, ಕಟ್ಟೆಯ ಮೇಲೆ ಕೂತ ಹಾಗೆ ಕೂತಿದ್ದಳು. ಎರಡೂ ಬೂಟು ಬಿಚ್ಚಿ, ಬಾಗಿಲ ಹೊರಗೆ ಇಡುವ ಹಾಗೆ ಜೋಡಿಸಿ ಇಟ್ಟಿದ್ದಳು. ಗಾಜು ಹಾಲಿನಂತೆ ಬೆಳ್ಳಗಿತ್ತು. ಓಡಿಹೋಗಿ ಗಾಜು ಎತ್ತಿದೆ.

ಕಣ್ಣು ಪಿಳುಕಿಸಿದಳು. "ಬಾಗ್ಲಾ ಎಲ್ಲಿ ಹೋತು?"

"ಯಾವ ಬಾಗ್ಲನೂ ಇಲ್ಲ. ಕಾಲು ಕೊಡು ಇಲ್ಲಿ."

"ನೀನ ನಿಂತಿದ್ದಿ ಬಾಗಲ್ದಾಗ. ಒಳಗ ಬಾ ತಂಗೀ ಅಂದಿ."

"ನಾ ಅಂಥಾ ಮನಿಶಾ ಅಲ್ಲ, ನಿನಗ ಗೊತ್ತಿಲ್ಲೇನು?"

ಪಾದಗಳನ್ನು ನನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ತಿಕ್ಕಿದೆ. ತಿಕ್ಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೆರಳುಗಳಿಗೆ ಬಣ್ಣ ಬಂತು, ಉರಿ ಅಂದಳು, ಒಳ್ಳೇದು ಅಂದೆ. ಬೂಟು ತೊಡಿಸಿದೆ.

"ತಿರುಗಿ ಹೋಗೂಣು ನಡಿ," ಅಂದೆ.

"ಹೋಗೂದಿಲ್ಲ. ಆಕಿ ಹಡೀಲಿಕ್ಕತ್ತಿರ್ತಾಳ."

ವಾದ ಮಾಡಿ ಗೆಲ್ಲುವ ಮುಖ ಅದಲ್ಲ. ಹೆಲ್ಮೆಟ್ ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ಹಡಪದಿಂದ ಕತ್ತಿ ತೆಗೆದು ಹಣೆಯ ಮೆತ್ತೆಯಲ್ಲಿ, ಎರಡು ಹುಬ್ಬಿನ ಮೇಲೆ, ಎರಡು ಸೀಳು ಕೊಯ್ದೆ. ಬೆರಳುದ್ದ, ಒಳಗಿನಿಂದ ಹೊರಕ್ಕೆ ಓರೆಯಾಗಿ. ತೇವ ಹೊರಗೆ ಹೋಗಬೇಕು, ಗಾಳಿ ನೆಟ್ಟಗೆ ಕಣ್ಣಿಗೆ ಹೊಡೆಯಬಾರದು. ಕೈ ಮರಗಟ್ಟಿತ್ತು, ಆದರೂ ಸೀಳು ಗೆರೆ ಎಳೆದ ಹಾಗೆ ಬಂತು. ಮತ್ತೆ ಅವಳ ತಲೆಗೆ ಹಾಕಿ ಗಾಜು ಇಳಿಸಿದೆ.

"ಈಗ ಅಳು."

"ಅಳು ಅಂದ್ರ ಬರ್ತೈತೇನು? ಅಳು ಅಂದ್ರ ನಳಾ ಏನು?"

"ಹಂಗಾದ್ರ ಹೇಳು. ಸಾವಂತ್ರಿಗೆ ನೀ ಹಂಗೇನ್ ಅಂದಿದ್ದಿ? ನೀ ಬೈದದ್ದು ನಾನೂ ಕೇಳೀನಿ. ಅದರಾಗ ಮಾತು ಬಿಡೂವಂಥದ್ದೇನಿರ್ಲಿಲ್ಲ."

ಬೂಟಿನ ಮೇಲಿನ ಹಿಮ ಕೊಡವಿದಳು. ಆಮೇಲೆ ಗಾಜಿನೊಳಗಿನಿಂದಲೇ ಹೇಳಿದಳು. "ಆಕಿಗೆ ಮನೀ ಮ್ಯಾಲ ಭಾಳ ಜೀವ ಇತ್ತು, ಚಂದ್ರಾಮಣ್ಣಾ. ನಾ ಪೊರಕಿ ಎತ್ತಿದ್ರ ನಗಾಕತ್ತಿದ್ಲು. ಇಂಥಾಕಿ ಬಾಗ್ಲಾ ಕಂಡ್ರ ಗಂಡನ ಹೆಗಲ ಹಿಡದು ಗಾಡಿ ತಿರಿಗಿಸೇ ತಿರಿಗಿಸ್ತಾಳಂತ ನನಗ ಅಂಜಿಕಿ ಬಂತು. ಓಡಿ ಹೋಗಿ ಕಿವ್ಯಾಗ ಅಂದೆ, ನಿನ್ನ ಹಡದದ್ದ ನಂದು ತಪ್ಪಾತು ಅಂತ. ಜೋರಲೆ ಬೈದದ್ದು ಪದ್ಧತಿ. ಹಳೂಕ ಅಂದದ್ದು ಖರೇ ಅಂತ ತಿಳ್ಕೊಂಡ್ಲು ಆಕಿ."

ಆಗ ಅತ್ತಳು. ಹೆಗಲು ಕುಲುಕುವ ಹಾಗೆ ಅತ್ತಳು. "ನನ್ನ ಜನ್ಮದಾಗ ನಾ ನೆಟ್ಟಗ ಮಾಡಿದ್ದು ಒಂದ ಕೆಲಸ. ಆಕಿನ್ನ ಹಡದದ್ದು," ಅಂದಳು.

ನಾನು ಕರುಣೆಯಿಲ್ಲದೆ ಗಾಜನ್ನೇ ನೋಡುತ್ತ ಕೂತಿದ್ದೆ. ಮೇಲಂಚು ಬೆಳ್ಳಗಾಗಲು ನೋಡಿತು, ಆಮೇಲೆ ಸೀಳುಗಳ ಕಡೆಗೆ ಸರಿಯಿತು, ಹೋಯಿತು. ಮತ್ತೆ ಅತ್ತಳು, ಮತ್ತೆ ಹೋಯಿತು.

"ಎದುರಿಗೇನ್ ಕಾಣತೈತಿ?"

"ದೂರ ಒಂದು ಕೋಲು. ಕೆಂಪು ಬಟ್ಟಿ."

"ಮತ್ತ?"

"ಒಬ್ಬ ಮುದುಕ. ಮೂಗು ನೀಲಿ ಆಗೈತಿ."

ನಲವತ್ತೆಂಟಕ್ಕೆ ನಾನು ಮುದುಕ! ಆಗ ನಾಲಿಗೆ ಎದ್ದಿತು ನೋಡಿ. ಎದ್ದು ನಿಂತು ಶುರು ಹಚ್ಚಿಕೊಂಡೆ. "ನಡೀ ಇಲ್ಲಿಂದ, ಹಿಮಾ ಹೊರೂ ಕತ್ತೀ! ನಿನ್ನ ರೊಟ್ಟಿ ತಿಂದು ಓಣಿ ನಾಯಿ ಊರ ಬಿಟ್ಟು ಹೋಗೈತಿ! ನಿನ್ನ ಗಂಡ ಸತ್ತದ್ದು ಜ್ವರಕ್ಕಲ್ಲ, ನಿನ್ನ ಸಾರಿಗೆ! ತಿರುಗಿ ನೋಡಿದಿ ಅಂದ್ರ ಮನೀ ಬಾಗಲ್ದಾಗ ನನ್ನ ಗಿರಾಕಿಗಳ ಕೂದ್ಲಾ ತಂದು ಸುರೀತೀನಿ!" ಅವಳು ಗಾಡಿಯ ಮೇಲೆ ಕೂತು ನಗುತ್ತಿದ್ದಳು. "ಸಾಕೋ ಮಾರಾಯಾ, ಸಾಕು," ಅನ್ನುತ್ತಲೇ ಕೋಲಿನ ಕಡೆಗೆ ಹೋದಳು. ಚುಕ್ಕೆಯಾಗುವವರೆಗೆ ಬೈದೆ. ತಿರುಗಲಿಲ್ಲ.

ಮೂರನೇ ದಿನ ತಂತಿ ಬಂತು. "ಹೆಣ್ಣು. ಕುತ್ತಿಗಿ ನೋಯಲಿಲ್ಲ." ನನಗೆ ಕಿವಿಗೆ ಪಟ್ಟಿ ಕಟ್ಟಿತ್ತು, ದಸ್ತಗೀರಸಾಬ ಜೋರಾಗಿ ಎರಡು ಸಲ ಓದಿದ. ಅಂದಿನಿಂದ ನಾನು ಆರಿಸಿದ ಪ್ರತಿ ಹೆಲ್ಮೆಟ್ಟಿಗೂ ಹುಬ್ಬಿನ ಮೇಲೆ ಎರಡು ಸೀಳು ಹಾಕಿದ್ದೇನೆ. ಯಾರನ್ನೂ ಅಳಿಸದೆ ಬಯಲಿಗೆ ಬಿಟ್ಟಿಲ್ಲ. ಕೆಲವರಿಗೆ ಈರುಳ್ಳಿ ಸಾಕಾಗುತ್ತಿತ್ತು. ಕೆಲವರಿಗೆ ಒಂದು ಹೆಸರು ಹೇಳಿದರೆ ಸಾಕಾಗುತ್ತಿತ್ತು, ಆ ಹೆಸರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಈಗ ಪೆಟ್ಟಿಗೆಯ ಮೇಲೆ "ಮಬ್ಬು ಹಿಡಿಯುವುದಿಲ್ಲ" ಅಂತ ಅಚ್ಚು ಹಾಕಿದ್ದನ್ನು ನಂಬಿ ಕೊಳ್ಳುತ್ತೀರಿ. ಕೊಳ್ಳಿ. ಆದರೆ ಹೊರಡುವ ಮುಂಚೆ ಒಂದು ಸಲ ಅದರೊಳಗೆ ಅತ್ತು ನೋಡಿ.

ಕಾಶವ್ವ ಐದು ವಾರ ಬಾಣಂತನ ಮಾಡಿ ಮರಳಿ ಬಂದಳು. "ಹೇಳಿದೇನು?" ಅಂತ ಕೇಳಿದೆ. "ಕೂಸಿನ ಗದ್ದಲದಾಗ ಆಗ್ಲಿಲ್ಲ. ಆಕಿ ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಎಣ್ಣಿ ಹಚ್ಚಿದೆ, ಎರೆದೆ, ಅಂಟಿನುಂಡಿ ಕಟ್ಟಿದೆ," ಅಂದಳು. ಆಮೇಲೆ ಕಾಗದ ಬರುತ್ತಿದ್ದವು, ಹೋಗುತ್ತಿದ್ದವು, ಮೊಮ್ಮಗಳೂ ಎರಡು ಸಲ ಬಂದು ಹೋದಳು. ಆ ಒಂದು ಮಾತು ಮಾತ್ರ ಯಾವ ಕಾಗದದಲ್ಲೂ ಹೋಗಲಿಲ್ಲ. "ನಾನಿರೂತನ ನೀ ಬಾಯಿ ಬಿಡಬ್ಯಾಡ" ಅಂತ ನನಗೆ ಆಣೆ ಹಾಕಿದ್ದಳು. ನೋಡಿ, ಮೂವತ್ತೊಂದು ವರ್ಷ ನಾನು ಬಾಯಿ ಬಿಟ್ಟಿಲ್ಲ. ನಾನು! ಹೋದ ತಿಂಗಳು ಕಾಶವ್ವ ತೀರಿಕೊಂಡಳು. ಹಿಮ ಮೆತ್ತಗಾಗಿ ಬಯಲಿನ ದಾರಿ ಮುಚ್ಚಿದೆ, ಸಾವಂತ್ರಿಗೆ ಮಣ್ಣಿಗೂ ಬರಲಾಗಲಿಲ್ಲ.

ಅವಳ ನಂಬರ್ ನನ್ನ ಹತ್ತಿರ ಇಲ್ಲ. ಈ ಗುಂಪಿನಲ್ಲಿ ಆಚೆಯೂರಿನವರು ಆರು ಜನ ಇದ್ದೀರಿ. ನಿಮ್ಮ ನಿಮ್ಮ ಗುಂಪಿಗೆ ಹಾಕಿ, ಅಲ್ಲಿಂದ ಇನ್ನೊಂದಕ್ಕೆ ಹಾಕಿಸಿ, ಅವಳಿಗೆ ಮುಟ್ಟುವವರೆಗೂ ಬಿಡಬೇಡಿ. ನನ್ನ ಮಾತು ಉದ್ದವಾಯಿತು ಅನ್ನಿಸಿದರೆ ತೂಕದ ಲೆಕ್ಕ ಕತ್ತರಿಸಿ ಹಾಕಿ, ನನ್ನ ಕಿವಿಯನ್ನೂ ಕತ್ತರಿಸಿ ಹಾಕಿ. ಬಯಲಿನಲ್ಲಿ ನಿನ್ನ ಅವ್ವ ಹೇಳಿದ್ದು ಮಾತ್ರ ಇರಲಿ, ಸಾವಂತ್ರಿ. ಕಿವಿಯಲ್ಲಿ ಅಂದದ್ದು ಸುಳ್ಳು. ಹಿಮದಲ್ಲಿ ಕೂತು ಅಂದದ್ದು ನಿಜ. ನಾನು ಎದುರಿಗೇ ಇದ್ದೆ, ಗಾಜಿನ ಹಿಂದೆ ಅವಳ ಮುಖ ನನಗೆ ಸ್ವಚ್ಛ ಕಾಣುತ್ತಿತ್ತು.